ದುಡಿಮೆಯ ಒತ್ತಡ: ಅಳತೆ ಯಾವುದರದು?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂಥ ಕಡೆ ನೆಲದಡಿಯ ಗಾಳಿಗೂ ಕಟ್ಟುಪಾಡಿದೆ. 1961ರ ಲೋಹ ಗಣಿಗಳ ನಿಯಮಾವಳಿ ಹಾಕಿಕೊಟ್ಟ ಮಿತಿಯಂತೆ, ಕೆಲಸದ ಜಾಗದಲ್ಲಿ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ 33.5 ಡಿಗ್ರಿ ಸೆಲ್ಸಿಯಸ್ ದಾಟಕೂಡದು. 30.5 ಡಿಗ್ರಿ ಮೀರಿತೆಂದರೆ ಸೆಕೆಂಡಿಗೆ ಕನಿಷ್ಠ ಒಂದು ಮೀಟರ್ ವೇಗದಲ್ಲಿ ಗಾಳಿ ಆಡುವಂತೆ ಮಾಡಬೇಕು. ಉಸಿರಿನೊಳಗೆ ಇಳಿಯುವ ಕಲ್ಲುದೂಳಿಗೂ ಇಂಥದೇ ಅಳತೆ ಇದೆ. 1952ರ ಗಣಿ ಕಾಯ್ದೆ ನೆಲದಡಿಯ ದುಡಿಮೆಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಗಡಿ ಹಾಕಿತು. ಈ ಅಂಕಿಗಳ ಹಿಂದೆ ದೊಡ್ಡದೊಂದು ತಿಳಿವಳಿಕೆ ಇದೆ. ಕಾರ್ಮಿಕನೊಬ್ಬ ಬಿಸಿಗೆ ಕುಸಿದು ಬಿದ್ದರೆ ಅವನ ಮೈಯಲ್ಲಿ ಕಸುವಿಲ್ಲ ಎಂದು ಹೇಳುವ ಮೊದಲು ಅವನು ನಿಂತಿದ್ದ ಜಾಗವನ್ನು ಪರೀಕ್ಷಿಸಬೇಕು ಎಂಬುದೇ ಆ ತಿಳಿವಳಿಕೆ. ಆದರೆ ಅದೇ ಕಾರ್ಮಿಕನಿಗೆ ರಾತ್ರಿ ಪಾಳಿ ಮುಗಿದ ಮೇಲೂ ನಿದ್ದೆ ಹತ್ತುವುದಿಲ್ಲ, ಪಾಳಿಗೆ ಹೊರಡುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ, ಮನೆಯಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ ಎಂದಿಟ್ಟುಕೊಳ್ಳಿ. ಆಗ ನಾವು ಜಾಗವನ್ನು ನೋಡುವುದಿಲ್ಲ, ಅವನ ಸ್ವಭಾವ ನೋಡುತ್ತೇವೆ, ಕುಡಿತ ನೋಡುತ್ತೇವೆ, ಹಣೆಬರಹ ಎನ್ನುತ್ತೇವೆ. ದೂಳನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಕೆಲಸದ ಒತ್ತಡವನ್ನೂ ಅಳೆಯಲು ಸಾಧ್ಯವಿದೆ, ಹಾಗೆ ಅಳೆಯುವಾಗ ನಮ್ಮ ಮಾಪಕ ಕೆಲಸದ ಏರ್ಪಾಡಿನ ಕಡೆಗೆ ತಿರುಗಿರಬೇಕೇ ಹೊರತು ದುಡಿಯುವವರ ತಲೆಯ ಕಡೆಗಲ್ಲ. ಇಂದು ನಾನು ವಾದಿಸಲು ಹೊರಟಿರುವುದು ಇದನ್ನೇ.

ಕೆಲಸದಲ್ಲಿ ಒತ್ತಡ ಹುಟ್ಟಿಸುವ ಸಂಗತಿಗಳನ್ನು ವಿದ್ವಾಂಸರು ಮನೋಸಾಮಾಜಿಕ ಅಂಶಗಳು ಎಂದು ಕರೆಯುತ್ತಾರೆ. 1984ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ಸಮಿತಿ ಈ ವಿಷಯವನ್ನೇ ಕೈಗೆತ್ತಿಕೊಂಡು, ಒಂದು ಕಡೆ ಕೆಲಸದ ಸ್ವರೂಪ, ಪರಿಸರ, ಆಡಳಿತದ ರೀತಿ, ಇನ್ನೊಂದು ಕಡೆ ದುಡಿಯುವವರ ಸಾಮರ್ಥ್ಯ, ಅಗತ್ಯ, ಸಂಸ್ಕೃತಿ, ಮನೆಯ ಪರಿಸ್ಥಿತಿ, ಇವೆರಡರ ನಡುವಿನ ಒಡನಾಟದಲ್ಲಿ ಈ ಅಂಶಗಳನ್ನು ಗುರುತಿಸಿತು. ಇಲ್ಲಿ ಕೇಳುವ ಪ್ರಶ್ನೆಗಳು ಸರಳ. ಕೆಲಸ ಎಷ್ಟು, ಸಮಯ ಎಷ್ಟು? ಹೇಗೆ ಮಾಡಬೇಕು ಎಂಬುದರಲ್ಲಿ ಮಾಡುವವರ ಮಾತು ನಡೆಯುತ್ತದೆಯೇ? ಕಷ್ಟ ಬಂದಾಗ ಮೇಲಿನವರು, ಜೊತೆಯವರು ಕೈಹಿಡಿಯುತ್ತಾರೆಯೇ? ತನ್ನ ಹೊಣೆ ಯಾವುದು, ಯಾವುದಲ್ಲ ಎಂಬುದು ಸ್ಪಷ್ಟವಿದೆಯೇ? ಬೈಗುಳ, ಅವಮಾನ ಇವೆಯೇ? ನಾಳೆ ಕೆಲಸ ಇರುತ್ತದೆ ಎಂಬ ನೆಚ್ಚಿಕೆ ಇದೆಯೇ? ಇಂಥ ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, 'ಯಾವಾಗಲೂ'ದಿಂದ 'ಎಂದೂ ಇಲ್ಲ'ದವರೆಗೆ ಉತ್ತರದ ಮೆಟ್ಟಿಲುಗಳನ್ನು ಇಟ್ಟು, ನೂರಾರು ಜನರಲ್ಲಿ ಪರೀಕ್ಷಿಸಿ ಸಿದ್ಧಪಡಿಸಿದ ಪ್ರಶ್ನಾವಳಿಯೇ ಇಲ್ಲಿಯ ಸಾಧನ. ಇದು ಹುಚ್ಚು, ಖಿನ್ನತೆಗಳನ್ನು ಕಂಡುಹಿಡಿಯುವ ವೈದ್ಯರ ಪರೀಕ್ಷೆಯಲ್ಲ. ಎರಡನ್ನೂ ಒಂದೇ ಎಂದು ಭಾವಿಸಿದಲ್ಲಿಂದಲೇ ನಮ್ಮಲ್ಲಿ ಗೊಂದಲ ಶುರುವಾಗುತ್ತದೆ.

ಪ್ರಶ್ನೆ ಕೇಳಿ ಒತ್ತಡ ಅಳೆಯುವುದಕ್ಕೆ ಆಧಾರ ಏನು? 1979ರಲ್ಲಿ ರಾಬರ್ಟ್ ಕರಾಸೆಕ್ ಅಮೆರಿಕ ಮತ್ತು ಸ್ವೀಡನ್‌ಗಳ ದುಡಿಯುವವರ ಮಾಹಿತಿಯನ್ನು ಮುಂದಿಟ್ಟು, ಕೆಲಸದ ಭಾರ ಒಂದರಿಂದಲೇ ಮನುಷ್ಯ ಕುಗ್ಗುವುದಿಲ್ಲ, ಭಾರ ಹೆಚ್ಚಿದ್ದು ಹಿಡಿತ ಕಡಿಮೆ ಇದ್ದಾಗ ಕುಗ್ಗುತ್ತಾನೆ ಎಂದು ತೋರಿಸಿದರು. ಲಂಡನ್ನಿನ ಸರ್ಕಾರಿ ನೌಕರರಲ್ಲಿ 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನ 10,308 ಮಂದಿಯನ್ನು ದಶಕಗಳ ಕಾಲ ಗಮನಿಸಿತು. ಹೃದಯದ ಕಾಯಿಲೆ ಮೇಲಿನ ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರಲ್ಲಿ ಹೆಚ್ಚಿತ್ತು, ಆ ಅಂತರಕ್ಕೆ ಕೆಲಸದ ಮೇಲೆ ಹಿಡಿತವಿಲ್ಲದಿರುವುದು ಮುಖ್ಯ ಕಾರಣಗಳಲ್ಲಿ ಒಂದು ಎಂದು ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡುಕೊಂಡರು. 1996ರಲ್ಲಿ ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ ಇನ್ನೊಂದು ಬಾಗಿಲು ತೆರೆದರು: ಸುರಿಸಿದ ಶ್ರಮಕ್ಕೆ ತಕ್ಕ ಸಂಬಳ, ಗೌರವ, ಭದ್ರತೆ ಮರಳದೆ ಹೋದರೆ ದೇಹವೇ ಆ ಅನ್ಯಾಯದ ಲೆಕ್ಕ ಇಡುತ್ತದೆ. 2012ರಲ್ಲಿ ಯುರೋಪಿನ 13 ಅಧ್ಯಯನಗಳ ಸುಮಾರು 1,97,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಭಾರ ಹೆಚ್ಚು ಹಿಡಿತ ಕಡಿಮೆ ಇರುವ ಕೆಲಸದವರಲ್ಲಿ ಹೃದಯದ ಕಾಯಿಲೆಯ ಸಾಧ್ಯತೆ ಉಳಿದವರಿಗಿಂತ ಶೇ 23ರಷ್ಟು ಹೆಚ್ಚಿತ್ತು. ಇದು ಬೀಡಿ ಸಿಗರೇಟುಗಳ ಹಾನಿಯಷ್ಟು ದೊಡ್ಡದಲ್ಲ, ಹಾಗೆಂದು ಉತ್ಪ್ರೇಕ್ಷೆ ಮಾಡಬೇಕಾಗಿಯೂ ಇಲ್ಲ. ಹತ್ತಿಪ್ಪತ್ತು ಪ್ರಶ್ನೆಗಳ ಕಾಗದವೊಂದು ವರ್ಷಗಳ ನಂತರದ ಎದೆನೋವಿನ ಸುಳಿವು ಕೊಡುತ್ತದೆ ಎಂದಾದರೆ, ಆ ಕಾಗದ ಯಾವುದೋ ನಿಜವನ್ನು ಮುಟ್ಟುತ್ತಿದೆ ಎಂದೇ ಅರ್ಥ.

ಇಂದು ಬಳಕೆಯಲ್ಲಿರುವ ಸಾಧನಗಳಲ್ಲಿ ಮೂರು ನಾಲ್ಕನ್ನು ಮಾತ್ರ ಹೆಸರಿಸುತ್ತೇನೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ಕೋಪನ್‌ಹೇಗನ್ ಪ್ರಶ್ನಾವಳಿ ಉದ್ದ, ಮಧ್ಯಮ, ಚಿಕ್ಕ ಎಂಬ ಮೂರು ಅಳತೆಗಳಲ್ಲಿ ಸಿಗುತ್ತದೆ. ಕೆಲಸದ ಭಾರದ ಜೊತೆಗೆ ನಂಬಿಕೆ, ನ್ಯಾಯ, ಕೆಲಸ ಕಳೆದುಕೊಳ್ಳುವ ಭಯ, ಬೆದರಿಕೆ, ಹಿಂಸೆಗಳನ್ನೂ ಅದು ಕೇಳುತ್ತದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ 35 ಪ್ರಶ್ನೆಗಳ ಸಾಧನ 2004ರದು. ಉತ್ತರಗಳನ್ನು ಎಣಿಸಿದ ಮೇಲೆ ಕೆಲಸಗಾರರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಕಾರಣ ಚರ್ಚಿಸಬೇಕು ಎಂಬುದು ಅದರ ವಿಧಾನದ ಭಾಗ. ಜಪಾನ್ 2015ರ ಡಿಸೆಂಬರಿನಿಂದ 50 ಅಥವಾ ಹೆಚ್ಚು ಜನ ದುಡಿಯುವ ಕಡೆಗಳಲ್ಲಿ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆಯನ್ನು ಕಾನೂನಿನಿಂದ ಕಡ್ಡಾಯ ಮಾಡಿತು, ಅಲ್ಲಿ ವ್ಯಾಪಕವಾಗಿ ಬಳಸುವ ಪ್ರಶ್ನಾವಳಿಯಲ್ಲಿ 57 ಪ್ರಶ್ನೆಗಳಿವೆ. ನಮ್ಮ ದೇಶದಲ್ಲಿ ಎ.ಕೆ. ಶ್ರೀವಾಸ್ತವ ಮತ್ತು ಎ.ಪಿ. ಸಿಂಗ್ 1981ರಲ್ಲಿ ರೂಪಿಸಿದ ವೃತ್ತಿ ಒತ್ತಡ ಸೂಚ್ಯಂಕದಲ್ಲಿ 46 ಹೇಳಿಕೆಗಳು, 12 ವಿಭಾಗಗಳು. ಗುಂಪುಗಾರಿಕೆ ಮತ್ತು ರಾಜಕೀಯದ ಒತ್ತಡಕ್ಕೆ, ಸ್ಥಾನಮಾನದ ಕೊರತೆಗೆ ಅದು ಪ್ರತ್ಯೇಕ ವಿಭಾಗ ಇಟ್ಟಿತು. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಸೂಚ್ಯಂಕವನ್ನು ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ ಒಂದು ಅಪಾಯವಿದೆ. ಎಲ್ಲ ಅಂಕಗಳನ್ನು ಕೂಡಿಸಿ ಒಬ್ಬೊಬ್ಬ ನೌಕರನಿಗೂ ಒತ್ತಡ ಕಡಿಮೆ, ಮಧ್ಯಮ, ಅಧಿಕ ಎಂದು ಚೀಟಿ ಅಂಟಿಸಿದರೆ ಅಳತೆ ಮತ್ತೆ ವ್ಯಕ್ತಿಯ ಮೇಲೆಯೇ ಬಂದು ಕೂರುತ್ತದೆ. ಒಂದು ಪಾಳಿಯ, ಒಂದು ವಿಭಾಗದ, ಒಂದು ಬಗೆಯ ನೌಕರರ ಸರಾಸರಿಯನ್ನು ಇನ್ನೊಂದರ ಜೊತೆಗಿಟ್ಟು ನೋಡಿದಾಗ ಮಾತ್ರ ಏರ್ಪಾಡಿನ ದೋಷ ಬಯಲಾಗುತ್ತದೆ.

ಈ ಮಾತನ್ನು ಹಟ್ಟಿಗೆ ತಂದು ನೋಡೋಣ. 2001ರ ಫೆಬ್ರುವರಿ 28ರಂದು ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಚಿನ್ನ ತೆಗೆಯುವ ಮುಖ್ಯ ಗಣಿಯಾಗಿ ಉಳಿದದ್ದು ಹಟ್ಟಿ. ಇಲ್ಲಿ ದುಡಿಮೆ ಪಾಳಿಯ ಮೇಲೆ ನಡೆಯುತ್ತದೆ. ಶಾಫ್ಟಿನಲ್ಲಿ ನೂರಾರು ಮೀಟರ್ ಇಳಿದು, ಬಂಡೆಗೆ ತೂತು ಕೊರೆದು, ಸಿಡಿಸಿ, ಅದಿರು ತುಂಬುವ ಕೆಲಸದಲ್ಲಿ ಒಬ್ಬನ ಎಚ್ಚರ ಇನ್ನೊಬ್ಬನ ಜೀವ. ಇಂಥ ಕಡೆ ಕೆಲಸದ ಭಾರವನ್ನು ಅಳೆಯುವ ಪ್ರಶ್ನೆಗಳಿಗೆ ಹೆಚ್ಚು ಅಂಕ ಬರುವುದು ಖಂಡಿತ, ಅದರಲ್ಲಿ ಹೊಸತೇನಿಲ್ಲ. ಉಪಯೋಗಕ್ಕೆ ಬರುವುದು ಹೋಲಿಕೆ. ಒಂದೇ ಬಗೆಯ ಕೆಲಸ ಮಾಡುವ ಕಾಯಂ ಕಾರ್ಮಿಕರಿಗೂ ಗುತ್ತಿಗೆ ಕಾರ್ಮಿಕರಿಗೂ ಮೇಲ್ವಿಚಾರಕರ ಬೆಂಬಲದ ಅಂಕಗಳಲ್ಲಿ ಎಷ್ಟು ಅಂತರವಿದೆ? ಜಾಗ ಅಪಾಯಕಾರಿ ಎನಿಸಿದಾಗ ಕೆಲಸ ನಿಲ್ಲಿಸುತ್ತೇನೆ ಎನ್ನುವ ಧೈರ್ಯ ಯಾವ ಪಾಳಿಯಲ್ಲಿ ಇದೆ, ಯಾವುದರಲ್ಲಿ ಇಲ್ಲ? ಪಾಳಿ ಬದಲಾಗುವ ದಿನ ಮುಂಚಿತವಾಗಿ ತಿಳಿಯುವ ವಿಭಾಗದಲ್ಲಿ ನಿದ್ದೆಯ ದೂರು ಕಡಿಮೆ ಇದೆಯೇ? ಇಂಥ ಉತ್ತರಗಳನ್ನು ಅಪಘಾತದ ರಿಜಿಸ್ಟರಿನ ಪಕ್ಕದಲ್ಲಿ, ಗೈರುಹಾಜರಿಯ ಪಟ್ಟಿಯ ಪಕ್ಕದಲ್ಲಿ ಇಟ್ಟು ಓದಿದರೆ ಎಲ್ಲಿ ದುರಸ್ತಿ ಆಗಬೇಕು ಎಂಬುದು ಗೊತ್ತಾಗುತ್ತದೆ. ಕೆಲಸದ ಭದ್ರತೆಯ ಪ್ರಶ್ನೆಯೂ ಇಲ್ಲಿ ಬರೀ ಊಹೆಯದಲ್ಲ. ಮುಚ್ಚುವ ಮಾತು ವರ್ಷಗಟ್ಟಲೆ ನಡೆದು ಕಡೆಗೊಮ್ಮೆ ಇಡೀ ಊರೊಂದು ದುಡಿಮೆ ಕಳೆದುಕೊಂಡದ್ದನ್ನು ಚಿನ್ನದ ಗಣಿಯ ಕಾರ್ಮಿಕರು ಬಲ್ಲರು.

ಸಿಂಧನೂರಿನ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ನೆಲ್ಲಿನ ಸೀಮೆಯಾದ ಈ ತಾಲ್ಲೂಕಿನಲ್ಲಿ ರೈಸ್ ಮಿಲ್ಲುಗಳು, ಗೋದಾಮುಗಳು, ಎಪಿಎಂಸಿ ಅಂಗಳ ನಡೆಯುವುದು ಹಮಾಲರ ಬೆನ್ನಿನ ಮೇಲೆ. ನೆಲ್ಲಿನ ದರವನ್ನೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಹೇಳುವ ಸೀಮೆ ಇದು. ದೊಡ್ಡ ಗಂಡಾಳಿಗೂ 55 ಕೆ.ಜಿ. ಮೀರಿದ ಹೊರೆ ಕೂಡದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಈಗ ಇಂಥ ಹಮಾಲರೊಬ್ಬರ ಮುಂದೆ ಪ್ರಶ್ನಾವಳಿಯ ಒಂದು ಪ್ರಶ್ನೆ ಇಡಿ: 'ನಿಮ್ಮ ಕೆಲಸದ ವೇಗವನ್ನು ನೀವೇ ತೀರ್ಮಾನಿಸುತ್ತೀರಾ?' ಅವರು 'ಯಾವಾಗಲೂ' ಎನ್ನುತ್ತಾರೆ, ಅದು ಸುಳ್ಳಲ್ಲ. ಗಡಿಯಾರ ಹಿಡಿದು ಯಾರೂ ಅವರ ಹಿಂದೆ ನಿಂತಿಲ್ಲ, ಬೇಕಾದರೆ ಕೂರಬಹುದು, ನೀರು ಕುಡಿಯಬಹುದು, ನಾಳೆ ಬರದೆಯೂ ಇರಬಹುದು. ಕಾಗದದ ಮೇಲೆ ಹಿಡಿತಕ್ಕೆ ಪೂರ್ತಿ ಅಂಕ ಬಿತ್ತು. ಆದರೆ ಕೂಲಿ ಚೀಲಕ್ಕಿಷ್ಟು ಎಂದು ಬರುವುದರಿಂದ ಕೂತ ಪ್ರತಿ ಗಳಿಗೆಯೂ ಕೈಬಿಟ್ಟ ಕಾಸು. ಸುಗ್ಗಿಯ ಕೆಲವೇ ವಾರಗಳಲ್ಲಿ ವರ್ಷದ ಬಹುಪಾಲು ದುಡಿಮೆ ಆಗಬೇಕು, ತಂಡದಲ್ಲಿ ಒಬ್ಬ ನಿಧಾನವಾದರೆ ಎಲ್ಲರ ಪಾಲು ಕುಗ್ಗುತ್ತದೆ. ವೇಗವನ್ನು ತೀರ್ಮಾನಿಸಿದ್ದು ಚೀಲದ ದರ, ಹಮಾಲರಲ್ಲ. ತಿಂಗಳ ಸಂಬಳದ ಕಾರ್ಖಾನೆಗಳಿಗಾಗಿ ಬರೆದ ಪ್ರಶ್ನೆ ತುಂಡುಗೂಲಿಯ ಮುಂದೆ ಹೀಗೆ ಮೋಸ ಹೋಗುತ್ತದೆ. ಇಲ್ಲಿಗೆ ಹೊಂದುವುದು ಸೀಗ್ರಿಸ್ಟರ ದಾರಿ: ಎಷ್ಟು ಶ್ರಮ, ಎಷ್ಟು ಮರಳಿಕೆ? ಅದಕ್ಕೆ ನಮ್ಮವೇ ಪ್ರಶ್ನೆಗಳು ಸೇರಬೇಕು. ಕೂಲಿ ಯಾವ ದಿನ ಕೈಗೆ ಬರುತ್ತದೆ? ಮುಂಗಡ ಪಡೆದ ಸಾಲ ಇದೆಯೇ? ಮೈ ಉಳುಕಿದ ದಿನದ ಖರ್ಚು ಯಾರದು? ಕೆಲಸವಿಲ್ಲದ ತಿಂಗಳುಗಳಲ್ಲಿ ಒಲೆ ಹೇಗೆ ಉರಿಯುತ್ತದೆ?

ಮಸ್ಕಿ 2018ರಲ್ಲಿ ಕೆಲಸ ಆರಂಭಿಸಿದ ಹೊಸ ತಾಲ್ಲೂಕು. ಹೊಸ ತಾಲ್ಲೂಕೆಂದರೆ ಹೊಸ ಕಚೇರಿಗಳು. ಕಲ್ಯಾಣ ಕರ್ನಾಟಕದಲ್ಲಿ ಖಾಲಿ ಹುದ್ದೆ ಮತ್ತು ಹೆಚ್ಚುವರಿ ಪ್ರಭಾರ ಅಪರೂಪದ ಮಾತಲ್ಲ. ಎರಡು ಕುರ್ಚಿಯ ಕೆಲಸ ಮಾಡುವ ಗುಮಾಸ್ತರಿಗೆ ಇಬ್ಬರು ಅಧಿಕಾರಿಗಳು ಒಂದೇ ಹೊತ್ತಿಗೆ ಎರಡು ಆದೇಶ ಕೊಟ್ಟಾಗ ಆಗುವ ಹಿಂಸೆಯನ್ನು ಶ್ರೀವಾಸ್ತವ ಮತ್ತು ಸಿಂಗರ ಸೂಚ್ಯಂಕ ಹೊಣೆಯ ತಾಕಲಾಟ, ಹೊಣೆಯ ಅಸ್ಪಷ್ಟತೆ ಎಂಬ ವಿಭಾಗಗಳಲ್ಲಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಆ ಕಚೇರಿಯ ಬಾಗಿಲ ಹೊರಗೆ ಆಶಾ ಕಾರ್ಯಕರ್ತೆ ನಿಂತಿದ್ದಾರೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ, ಸಾವಿರ ಜನಸಂಖ್ಯೆಗೆ ಒಬ್ಬರಂತೆ ನೇಮಕ ಆರಂಭವಾದ ಇವರು ಲೆಕ್ಕಪತ್ರದಲ್ಲಿ ನೌಕರರಲ್ಲ, ಸ್ವಯಂಸೇವಕಿಯರು. ಹೆರಿಗೆ ನೋವು ನಡುರಾತ್ರಿ ಬಂದರೆ ಕರೆ ಹೋಗುವುದು ಇವರಿಗೆ. ಲಸಿಕೆ ಬೇಡವೆನ್ನುವ ಮನೆಯವರ ಸಿಟ್ಟನ್ನೂ ಗುರಿ ಮುಟ್ಟಿಲ್ಲವೆನ್ನುವ ಮೇಲಿನವರ ಸಿಟ್ಟನ್ನೂ ತಾಳಿಕೊಳ್ಳಬೇಕಾದವರು ಇವರೇ. ಗೌರವಧನದ ಒಂದು ಭಾಗ ಮಾಡಿದ ಕೆಲಸಗಳನ್ನು ಒಂದೊಂದಾಗಿ ಎಣಿಸಿದ ಮೇಲೆ ಬರುವ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಧರಣಿ ಕೂತು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. 'ಕೆಲಸದ ವೇಳೆ ಮುಗಿದ ಮೇಲೆ ನಿಮ್ಮನ್ನು ಕರೆಯುತ್ತಾರೆಯೇ?' ಎಂಬ ಪ್ರಶ್ನೆಗೆ ಇವರಲ್ಲಿ ಉತ್ತರವಿಲ್ಲ, ಏಕೆಂದರೆ ಇವರಿಗೆ ವೇಳೆಯನ್ನೇ ಗೊತ್ತುಮಾಡಿಲ್ಲ. ಯಾವ ದುಡಿಮೆಯನ್ನು ನಾವು ದುಡಿಮೆ ಎಂದು ಒಪ್ಪಿಕೊಂಡಿಲ್ಲವೋ ಅದರ ಒತ್ತಡ ಯಾವ ಪ್ರಶ್ನಾವಳಿಗೂ ಸಿಗದೆ ಜಾರಿಹೋಗುತ್ತದೆ. ಅಂದಮೇಲೆ ಮೂರು ತಾಲ್ಲೂಕಿಗೂ ಒಂದೇ ಕಾಗದ ಹಂಚುವುದರಿಂದ ಪ್ರಯೋಜನವಿಲ್ಲ. ಸಾಧನವನ್ನು ಹೊರಗಿನಿಂದ ತರಬಹುದು, ಪ್ರಶ್ನೆಗಳನ್ನು ಇಲ್ಲಿಯ ದುಡಿಯುವವರ ಜೊತೆ ಕೂತು ತಿದ್ದಬೇಕು.

ಒತ್ತಡ ಅಳೆಯುವ ಈ ಮಾತಿಗೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಹೊಟ್ಟೆಗೆ ಹಿಟ್ಟು, ಕೂಲಿಗೆ ಭದ್ರತೆ ಇಲ್ಲದ ಕಡೆ ಮನಸ್ಸಿನ ಮಾತೇಕೆ, ಒತ್ತಡವೆನ್ನುವುದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ಕಾಯಿಲೆಯಲ್ಲವೇ ಎಂದು ಕೇಳುವವರಿದ್ದಾರೆ. ವೈಟ್‌ಹಾಲ್ ಅಧ್ಯಯನ ಹೇಳಿದ್ದು ಇದರ ತಿರುವುಮುರುವು: ಮೆಟ್ಟಿಲು ಇಳಿದಂತೆಲ್ಲ ರೋಗ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆಗಳ 2021ರ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವುದರಿಂದ 2016ರ ಒಂದೇ ವರ್ಷದಲ್ಲಿ ಪಾರ್ಶ್ವವಾಯು ಮತ್ತು ಹೃದಯದ ಕಾಯಿಲೆಗೆ ಜಗತ್ತಿನಲ್ಲಿ 7,45,000 ಜನ ಬಲಿಯಾದರು. ಸುಗ್ಗಿಯ ಹಮಾಲರಿಗೆ ವಾರಕ್ಕೆ 55 ಗಂಟೆ ಎನ್ನುವುದು ಬಿಡುವಿನ ವಾರ. ಕೂಲಿ ಮತ್ತು ನೆಮ್ಮದಿ ಒಂದರ ನಂತರ ಒಂದು ಬರಬೇಕಾದ ಬೇಡಿಕೆಗಳೂ ಅಲ್ಲ. ಸರಿಯಾದ ಸಾಧನ ಕೂಲಿಯ ಅನಿಶ್ಚಿತತೆಯನ್ನೇ ಒತ್ತಡದ ಮೂಲವೆಂದು ಬರೆದಿಡುತ್ತದೆ, ಸಂಘಟನೆಗಳ ಬೇಡಿಕೆಗೆ ಅದು ಇನ್ನೊಂದು ಸಾಕ್ಷಿ.

ಎರಡನೆಯ ಆಕ್ಷೇಪ ಆಡಳಿತದವರದು. ಜನ ಬಾಯಿಗೆ ಬಂದದ್ದು ಹೇಳುತ್ತಾರೆ, ಸಂಬಳ ಏರಲಿ ಎಂದು ದೂರು ಹಿಗ್ಗಿಸುತ್ತಾರೆ, ಇದು ಉಷ್ಣಮಾಪಕದಂತೆ ನಿಷ್ಪಕ್ಷಪಾತಿಯಲ್ಲ ಎನ್ನುತ್ತಾರೆ. ಒಬ್ಬರ ಉತ್ತರದ ಮಟ್ಟಿಗೆ ಈ ಸಂಶಯ ಸರಿ. ಆದರೆ ಒಂದೇ ಗಣಿಯ, ಒಂದೇ ಸಂಬಳದ, ಒಂದೇ ಸಂಘದ ಎರಡು ಪಾಳಿಗಳಲ್ಲಿ ಒಂದು ಮಾತ್ರ ಮತ್ತೆ ಮತ್ತೆ ಕಡಿಮೆ ಬೆಂಬಲವನ್ನು ವರದಿ ಮಾಡಿದರೆ ಸಂಬಳದ ಆಸೆ ಅದನ್ನು ವಿವರಿಸಲಾರದು, ಆಸೆ ಎರಡೂ ಪಾಳಿಗಳಲ್ಲಿ ಒಂದೇ ಇದೆಯಲ್ಲ. ನಮ್ಮ ಕಡೆ ದೊಡ್ಡ ಅಪಾಯ ಹಿಗ್ಗಿಸಿ ಹೇಳುವುದಲ್ಲ, ಹೆದರಿ ಮುಚ್ಚಿಡುವುದು. ಮೇಸ್ತ್ರಿಯ ಎದುರು ಕೂತ ಗುತ್ತಿಗೆ ಕಾರ್ಮಿಕ 'ಎಲ್ಲಾ ಚಲೋ ಐತ್ರಿ' ಎನ್ನದೆ ಬೇರೇನು ಹೇಳಿಯಾನು? ಆದ್ದರಿಂದ ಕೇಳುವವರು ಮಾಲೀಕರ ಕಡೆಯವರಾಗಿರಕೂಡದು, ಹೆಸರು ಬರೆಯಕೂಡದು, ಹತ್ತು ಜನಕ್ಕಿಂತ ಕಡಿಮೆ ಇರುವ ಗುಂಪಿನ ಫಲಿತಾಂಶವನ್ನು ಬೇರೆಯಾಗಿ ತೋರಿಸಕೂಡದು. ಜಪಾನಿನ ವ್ಯವಸ್ಥೆಯಲ್ಲಿ ಒಬ್ಬೊಬ್ಬರ ಫಲಿತಾಂಶ ಅವರ ಒಪ್ಪಿಗೆಯಿಲ್ಲದೆ ಮಾಲೀಕರ ಕೈ ಸೇರುವುದಿಲ್ಲ. ಈ ಬೇಲಿ ಇಲ್ಲದೆ ಒತ್ತಡದ ಅಳತೆ ಶುರುಮಾಡುವುದಕ್ಕಿಂತ ಮಾಡದಿರುವುದೇ ಮೇಲು ಎಂದು ನಾನು ದೃಢವಾಗಿ ನಂಬುತ್ತೇನೆ. ಇಲ್ಲವಾದರೆ ಒತ್ತಡ ತಾಳದವರನ್ನು ಹೆಕ್ಕಿ ಹೊರಹಾಕುವ ಜರಡಿಯಾಗಿ ಅದು ಮಾರ್ಪಡುತ್ತದೆ.

ಮೂರನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಇದೆ. ಒತ್ತಡ ಬರುವುದು ಮನೆಯಿಂದ, ಸಾಲದಿಂದ, ಮಗಳ ಮದುವೆಯಿಂದ, ಕೆಲಸದ ಮೇಲೇಕೆ ತಪ್ಪು ಹೊರಿಸುತ್ತೀರಿ ಎಂಬುದು. ಮನೆಯ ಕಷ್ಟ ನಿಜ. ಕಾಲುವೆಯ ಕೊನೆಭಾಗಕ್ಕೆ ನೀರು ಬಾರದ ವರ್ಷ, 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಂಥ ವರ್ಷ, ಈ ಸೀಮೆಯಲ್ಲಿ ಯಾರೂ ನಿಶ್ಚಿಂತೆಯಿಂದ ಮಲಗುವುದಿಲ್ಲ. ಆದರೆ ಆ ಕಷ್ಟ ಎರಡೂ ಪಾಳಿಯವರಿಗೆ, ಎಲ್ಲ ಮಿಲ್ಲಿನವರಿಗೆ ಸಮನಾಗಿ ಹಂಚಿಕೊಂಡಿರುತ್ತದೆ. ಕೆಲಸದ ಜಾಗಗಳ ನಡುವೆ ಕಾಣುವ ಅಂತರ ಮಾತ್ರ ಕೆಲಸದಿಂದ ಬಂದದ್ದು. ಮನೆಯ ಕಷ್ಟ ಎಲ್ಲರಿಗೂ ಇದೆ ಎಂಬುದು ಕೆಲಸದ ಕಷ್ಟವನ್ನು ಕಡಿಮೆ ಮಾಡಲು ಕಾರಣವಾಗಬೇಕೇ ಹೊರತು ಕೈಬಿಡಲು ನೆಪವಾಗಬಾರದು.

ಕಾನೂನು ಎಲ್ಲಿದೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳಿಗೆ ಜಾಗ ಕೊಟ್ಟಿತು. 2021ರಲ್ಲಿ ಐಎಸ್ಒ 45003 ಎಂಬ ಮಾರ್ಗಸೂಚಿ ಮನೋಸಾಮಾಜಿಕ ಅಪಾಯಗಳನ್ನು ಉಳಿದ ಅಪಾಯಗಳಂತೆಯೇ ನಿರ್ವಹಿಸಬೇಕು ಎಂದಿತು. ನಮ್ಮ 1923ರ ನೌಕರರ ಪರಿಹಾರ ಕಾಯ್ದೆಯ ರೋಗಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು, ಒತ್ತಡದಿಂದ ಬರುವ ಕಾಯಿಲೆ ಇರಲಿಲ್ಲ. ಆದರೆ ಕಾನೂನಿಗಾಗಿ ಕಾಯುವುದು ಈ ಸೀಮೆಯ ಜಾಯಮಾನವಲ್ಲ. ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಅದು ಬಿದ್ದವರನ್ನು ಎತ್ತುವ ಮಾದರಿ. ಬೀಳದಂತೆ ನೋಡಿಕೊಳ್ಳುವ ಮಾದರಿಯೂ ಇದೇ ಸೀಮೆಯಿಂದ ಹೊರಡಬಹುದು.

ಆರಂಭ ದೊಡ್ಡದಾಗಿ ಇರಬೇಕಿಲ್ಲ. ಹಟ್ಟಿಯ ಒಂದು ವಿಭಾಗ, ಸಿಂಧನೂರಿನ ಎಪಿಎಂಸಿಯ ಹಮಾಲರು, ಮಸ್ಕಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿದ ಆಶಾ ಕಾರ್ಯಕರ್ತೆಯರು, ಈ ಮೂರು ಗುಂಪು ಸಾಕು. ಕೇಳುವ ಹೊಣೆಯನ್ನು ರಾಯಚೂರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಹೊರಗಿನವರು ಹೊರಲಿ. ಓದು ಬಾರದವರಿಗೆ ಬಾಯಿಮಾತಿನಲ್ಲಿ, ಇಲ್ಲಿಯ ಆಡುಮಾತಿನಲ್ಲಿ, ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳವರಿಗೆ ಬಂಗಾಳಿಯಲ್ಲಿ ಕೇಳಲಿ. ತಿಂಗಳೊಳಗೆ ಫಲಿತಾಂಶ ಮೊದಲು ಉತ್ತರ ಕೊಟ್ಟವರ ಮುಂದೆಯೇ ಬರಲಿ, ಕಾರಣ ಅವರೇ ಹೇಳಲಿ. ಪಾಳಿಪಟ್ಟಿ ಹದಿನೈದು ದಿನ ಮುಂಚೆ ಅಂಟಿಸುವುದು, ಕೂಲಿಯ ದಿನ ಗೊತ್ತುಮಾಡುವುದು, ರಾತ್ರಿ ಕರೆಗೆ ಸರದಿ ಇಡುವುದು, ಇಂಥ ಒಂದಾದರೂ ಬದಲಾವಣೆಯನ್ನು ತಾರೀಖು ಹಾಕಿ ಒಪ್ಪಿಕೊಳ್ಳಲಿ. ಮರುವರ್ಷ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಲಿ. ಬದಲಾವಣೆಗೆ ಬದ್ಧರಲ್ಲದವರು ಜನರ ನೋವನ್ನು ಕೇಳಿ ಬರೆದುಕೊಳ್ಳುವ ಹಕ್ಕನ್ನೂ ಪಡೆಯುವುದಿಲ್ಲ. ಬದ್ಧರಾದವರಿಗೆ ಈ ಪ್ರಶ್ನಾವಳಿಗಳಿಗಿಂತ ಅಗ್ಗದ, ಸಮರ್ಥ ಸಾಧನ ಸಿಗಲಾರದು. ಇಲ್ಲಿರುವ ಆಡಳಿತದವರು, ಸಂಘಟನೆಯವರು, ವೈದ್ಯರು ಈ ವರ್ಷವೇ ಒಂದು ಗುಂಪನ್ನು ಆರಿಸಿಕೊಂಡು ಕೆಲಸ ಶುರುಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.